ನಾಲ್ಕು ನಕ್ಷತ್ರದ ಗಲೀಫ

ದಿಲ್ಲಿ ಛಾವಣಿ
3 ಆಗಸ್ಟ್ 1975

ಮಗಳು ಫಕ್ರುನ್ನಿಸಾಗೆ ಅಬ್ಬಾನ ಸಲಾಮು.

ಈ ಪತ್ರವನ್ನು ಮೊದಲು ನಿನ್ನ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಆಮೇಲೆ ವಡಗಾವಿಯ ಓಣಿಗೆಲ್ಲ ಅವಳೇ ಹೇಳಿಕೊಂಡು ಬರುತ್ತಾಳೆ. ನನಗೆ ಹೊಸ ಗಾಡಿ ಸಿಕ್ಕಿದೆ. ಅಂಥಿಂಥ ಗಾಡಿಯಲ್ಲ. ಇಡೀ ದೇಶದ ಸೈನ್ಯಕ್ಕೆ ಹಿರಿಯರಾದ ದೊಡ್ಡ ಸಾಹೇಬರಿದ್ದಾರಲ್ಲ, ಅವರ ಕರೀ ಅಂಬಾಸಡರ್. ಹನ್ನೊಂದು ಜನ ಹವಾಲ್ದಾರರನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ತುಂಬಿದ ನೀರಿನ ತಾಟು ಇಟ್ಟು ಗಾಡಿ ಓಡಿಸಲು ಹೇಳಿದರು. ಹತ್ತು ಜನ ಸೀಟು ತೋಯಿಸಿದರು, ನಾನು ತೋಯಿಸಲಿಲ್ಲ. ಮಗ್ಗದ ನೂಲು ಹಾಸಿದ ನಮ್ಮ ಓಣಿಯಲ್ಲಿ, ಒಂದು ಎಳೆ ಹರಿಯದಂತೆ ಸೈಕಲ್ ಹೊಡೆದವನಿಗೆ ದಿಲ್ಲಿಯ ರಸ್ತೆ ಯಾವ ಲೆಕ್ಕ?

ಗಾಡಿಯ ಮುಂದೆ ಕೆಂಪು ಪ್ಲೇಟು ಇದೆ, ಅದರ ಮೇಲೆ ನಾಲ್ಕು ನಕ್ಷತ್ರ. ಇಷ್ಟು ನಕ್ಷತ್ರ ಸೈನ್ಯದಲ್ಲಿ ಬೇರೆ ಯಾರ ಗಾಡಿಗೂ ಇಲ್ಲ. ಆ ಪ್ಲೇಟಿಗೆ ಒಂದು ಗಲೀಫ ಬೇಕು. ಸರಕಾರ ಕೊಟ್ಟದ್ದು ತಾಡಪತ್ರಿಯದು, ಅದರ ಗುಂಡಿ ಬಣ್ಣವನ್ನು ಗೀರುತ್ತದೆ. ನಮ್ಮ ವಡಗಾವಿಯ ದಪ್ಪ ನೂಲಿನ ಕರೀ ಬಟ್ಟೆ ತೆಗೆದುಕೋ. ಹದಿನೆಂಟು ಇಂಚು ಉದ್ದ, ಐದು ಇಂಚು ಅಗಲ, ಒಳಗೆ ಅಸ್ತರಿ ಹಚ್ಚು, ಒಂದು ಬದಿಗೆ ಬಾಯಿ ಬಿಡು. ನಮ್ಮ ಓಣಿಯ ನೇಕಾರ ನಾಗಲಿಂಗ ಸೀರೆಯ ಗಂಟು ಹೊತ್ತು ದಿಲ್ಲಿಗೆ ಬರುವಾಗ ಅವನ ಕೈಯಲ್ಲಿ ಕಳಿಸು.

ಹೊಲಿಗೆ ಚೊಕ್ಕ ಇರಲಿ. ದೇಶದ ಮಾನ.

ನಿನ್ನ ಅಬ್ಬಾ
ಹವಾಲ್ದಾರ್ ಮೌಲಾಸಾಬ


ವಡಗಾವಿ, ಬೆಳಗಾವಿ
1 ಸಪ್ಟೆಂಬರ್ 1975

ಅಬ್ಬಾ,

ಗಲೀಫ ಕಳಿಸಿದ್ದೇನೆ. ಬಿಚ್ಚುವ ಮೊದಲು ಕೈ ತೊಳೆದುಕೊಳ್ಳಿ.

ಬಟ್ಟೆ ನಾಗಲಿಂಗ ಕಾಕಾನ ಮಗ್ಗದ್ದು. ಬರೀ ಕರೀ ಬಟ್ಟೆ ಚೆನ್ನಾಗಿ ಕಾಣಲಿಲ್ಲ, ಅದಕ್ಕೆ ಮೇಲೆ ಜರಿಯಿಂದ ನಾಲ್ಕು ನಕ್ಷತ್ರ ಹಾಕಿದೆ. ಒಂದೊಂದಕ್ಕೆ ಎರಡು ದಿನ ಹಿಡಿಯಿತು. ಸುತ್ತಲೂ ಬಂಗಾರದ ಗೊಂಡೆ ಅಮ್ಮನದು. ಗೊಂಡೆ ಜಾಸ್ತಿ ಆಯಿತೇನೋ ಎಂದೆ. "ಪೀರಸಾಹೇಬರ ಗಲೀಫಕ್ಕ ಗೊಂಡೆ ಹಚ್ಚೂದಿಲ್ಲೇನ? ಇವರೂ ದೊಡ್ಡವರ ಅದಾರ. ಹಚ್ಚ, ಬಾಯಿ ಮುಚ್ಚ," ಎಂದಳು. ಮೇಲೆ ಗುಲಾಬಿ ಅತ್ತರನ್ನೂ ಸುರಿದಿದ್ದಾಳೆ. ನಿಮ್ಮ ಸಾಹೇಬರು ಸೀನಿದರೆ ನನ್ನ ತಪ್ಪಲ್ಲ.

ಇನ್ನೊಂದು ಸುದ್ದಿ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾರ್ತಾಂಡ ಮಾಸ್ತರರನ್ನು ಹಿಡಿದು ಹಿಂಡಲಗಾ ಜೈಲಿನಲ್ಲಿ ಇಟ್ಟಿದ್ದಾರೆ. ಅವರು ಮಾಡಿದ್ದು ಇಷ್ಟೇ: ಕೋರ್ಟಿನ ಮುಂದೆ ನಿಂತು ತುರ್ತು ಪರಿಸ್ಥಿತಿಯ ವಿರುದ್ಧದ ಒಂದು ಕರಪತ್ರವನ್ನು ಗಟ್ಟಿಯಾಗಿ ಓದಿದರು. ಅವರ ತಾಯಿ ಕೃಷ್ಣಾಬಾಯಿ ಖಾನಾಪುರದಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಯಾರೂ ಹೇಳಿಲ್ಲ. ಮಗ ಬೆಳಗಾವಿಯ ಸಾಲಿಯಲ್ಲಿ ಇದ್ದಾನೆ ಅಂತಲೇ ತಿಳಿದಿದ್ದಾರೆ.

ಇದಕ್ಕೆಲ್ಲ ನಿಮ್ಮ ಸಾಹೇಬರು ಏನನ್ನುತ್ತಾರೆ ಅಬ್ಬಾ?

ನಿಮ್ಮ ಮಗಳು
ಫಕ್ರೂ


ದಿಲ್ಲಿ ಛಾವಣಿ
20 ಸಪ್ಟೆಂಬರ್ 1975

ಫಕ್ರೂ ಬೇಟಾ,

ನಿಮ್ಮಿಬ್ಬರ ಬುದ್ಧಿಗೆ ಏನನ್ನಲಿ. ನಮ್ಮ ಕಡೆ ಗಲೀಫ ಎಂದರೆ ಎರಡು. ದಿಂಬಿಗೆ ಹಾಕುವ ಚೀಲ ಒಂದು, ದರ್ಗಾದಲ್ಲಿ ಗೋರಿಗೆ ಹೊದಿಸುವ ಜರಿಬಟ್ಟೆ ಇನ್ನೊಂದು. ನಾನು ದಿಂಬಿನದು ಕೇಳಿದೆ, ನೀವು ದರ್ಗಾದ್ದು ಹೊಲಿದಿರಿ.

ಕೆಲಸ ಹೇಗೆ ಎಂದು ಬರೆಯದೆ ಬಿಟ್ಟದ್ದು ನನ್ನ ತಪ್ಪು, ಈಗ ಕೇಳು. ಸಾಹೇಬರು ಗಾಡಿಯಲ್ಲಿ ಕುಳಿತರೆ ಪ್ಲೇಟು ತೆರೆದಿರಬೇಕು. ಅವರು ಇಳಿದ ಕ್ಷಣ ನಾನು ಓಡಿ ಹೋಗಿ ನಕ್ಷತ್ರ ಮುಚ್ಚಬೇಕು. ಖಾಲಿ ಗಾಡಿಗೆ ಯಾರೂ ಸಲಾಮು ಹೊಡೆಯಬಾರದು, ಅದಕ್ಕೆ. ನಕ್ಷತ್ರ ಕಾಣಬಾರದು ಎಂದು ಹಾಕುವ ಬಟ್ಟೆಯ ಮೇಲೆ ನೀನು ನಾಲ್ಕು ನಕ್ಷತ್ರ ಹೊಲಿದು ಕೂತಿದ್ದೀ.

ನಾನು ಅದನ್ನು ಕೈಯಲ್ಲಿ ಹಿಡಿದು ಪೇಚಾಡುತ್ತಿದ್ದಾಗಲೇ ಸಾಹೇಬರು ಬಂದರು. ಅತ್ತರಿಗೆ ಸೀನಿದರು ಕೂಡ. "ಯಾರು ಹೊಲಿದದ್ದು?" "ಮಗಳು, ಸರ್." ಗಲೀಫವನ್ನು ತೆಗೆದುಕೊಂಡು ನಕ್ಷತ್ರದ ಮೇಲೆ ಬೆರಳಾಡಿಸಿದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಿನಗೆ ಕನ್ನಡದಲ್ಲಿ ಬರೆಯುತ್ತೇನೆ: "ನನ್ನ ನಕ್ಷತ್ರಕ್ಕಿಂತ ಇವೇ ಚೆನ್ನಾಗಿವೆ, ಮೌಲಾ. ಆದರೆ ನಾನು ಇಳಿದ ಮೇಲೂ ಇವು ಹೊಳೆಯುತ್ತಿದ್ದರೆ ಗಾಡಿ ತಾನೇ ಜನರಲ್ ಅಂದುಕೊಂಡೀತು. ತಿರುವಿ ಹಾಕು."

ಹೀಗಾಗಿ ನಿನ್ನ ಜರಿ ಈಗ ಒಳಮೈಗೆ ಇದೆ, ಅಸ್ತರಿ ಹೊರಗೆ. ಗೊಂಡೆಯನ್ನು ಕತ್ತರಿಸಿದೆ. ಅಮ್ಮನಿಗೆ ಹೇಳಬೇಡ.

ಮಾಸ್ತರರ ಬಗ್ಗೆ ಕೇಳಿದ್ದೀ. ನನ್ನ ಹಿಂದಿನ ಸೀಟಿನಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿದ್ದರೂ ಬಾಯಿಗೆ ಬರುವುದಿಲ್ಲ. ಮತ್ತೆ ಈಗಿನ ದಿನದಲ್ಲಿ ಟಪಾಲನ್ನು ಓದುವವರು ನೀನೊಬ್ಬಳೇ ಅಲ್ಲ, ಬೇಟಾ.

ಅಬ್ಬಾ


ವಡಗಾವಿ
12 ಜನವರಿ 1976

ಅಬ್ಬಾ,

ಇದನ್ನು ಟಪಾಲಿಗೆ ಹಾಕಿಲ್ಲ, ನಾಗಲಿಂಗ ಕಾಕಾನ ಕೈಯಲ್ಲೇ ಕೊಟ್ಟಿದ್ದೇನೆ. ಜೊತೆಗೊಂದು ಅರ್ಜಿ ಇದೆ.

ಕೃಷ್ಣಾಬಾಯಿ ಹಾಸಿಗೆ ಹಿಡಿದಿದ್ದಾರೆ. ಇನ್ನು ಬಹಳ ದಿನ ಇಲ್ಲ ಎಂದು ಡಾಕ್ಟರು ಹೇಳಿದರು. ರವಿವಾರ ಖಾನಾಪುರಕ್ಕೆ ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು, "ಮಾರ್ತಾಂಡನ ಸಾಲಿಗೆ ಇನ್ನೂ ಸುಟ್ಟಿ ಆಗಿಲ್ಲೇನ ಬಾಳಾ?" ಎಂದು ಕೇಳಿದರು. "ಪರೀಕ್ಷಾ ನಡದಾವ್ರಿ ಆಯಿ," ಎಂದು ಸುಳ್ಳು ಹೇಳಿದೆ. "ಹಂಗಾರ ಹೆಡಮಾಸ್ತರಗ ಒಂದ ಅರ್ಜಿ ಬರಿ. ಎರಡ ದಿವಸ ಬಿಡ್ರಿ ಅಂತ ಬರಿ. ನಾ ಹೆಬ್ಬಟ್ಟ ಒತ್ತತೀನಿ."

ಬರೆದೆ ಅಬ್ಬಾ. ಆದರೆ ಹೆಡಮಾಸ್ತರರಿಗೆ ಬರೆಯಲಿಲ್ಲ, ನಿಮ್ಮ ಸಾಹೇಬರಿಗೆ ಬರೆದೆ. ಎರಡು ದಿನದ ಪೆರೋಲ್ ಕೊಡಿಸಿರಿ ಎಂದು. ಆಯಿ ಅದನ್ನು ಮಗನ ರಜೆಗೆ ಬರೆದ ಸುಟ್ಟಿಯ ಅರ್ಜಿ ಎಂದು ತಿಳಿದೇ ಹೆಬ್ಬಟ್ಟು ಒತ್ತಿದರು. ಜಿಲ್ಲೆಯ ಎಲ್ಲ ಕಚೇರಿಗಳಿಗೂ ಅರ್ಜಿ ಹಾಕಿ ಆಗಿದೆ, ಯಾರೂ ಉತ್ತರ ಕೊಟ್ಟಿಲ್ಲ.

ಹಿಂಡಲಗಾದಿಂದ ಖಾನಾಪುರ ಇಪ್ಪತ್ತು ಮೈಲು ಆಗಲಿಕ್ಕಿಲ್ಲ. ನಿಮ್ಮ ಬೆನ್ನಿಗೂ ಸಾಹೇಬರಿಗೂ ಎರಡು ಅಡಿ. ದಿಲ್ಲಿಯಲ್ಲಿ ಅವರ ಒಂದು ಮಾತಿಗೆ ಇಲ್ಲ ಅನ್ನುವವರು ಯಾರಿದ್ದಾರೆ? ಹಿಂದೆ ತಿರುಗಿ ಕಾಗದ ಕೊಡಿ, ಅಷ್ಟೇ.

ಕೊಡುತ್ತೀರಿ ಎಂದು ನನಗೆ ಗೊತ್ತು.

ಫಕ್ರೂ


ದಿಲ್ಲಿ
30 ಜನವರಿ 1976

ಫಕ್ರುನ್ನಿಸಾ,

ಕೊಡುವುದಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಮೊದಲೇ ಬರೆದೆ. ಇದೂ ನಾಗಲಿಂಗನ ಕೈಯಲ್ಲೇ ಬರುತ್ತಿದೆ, ಹಾಗಾಗಿ ಮನಸ್ಸು ಬಿಚ್ಚಿ ಬರೆಯುತ್ತೇನೆ.

ದಿಲ್ಲಿಯಲ್ಲಿ ಅವರ ಮಾತಿಗೆ ಇಲ್ಲ ಅನ್ನುವವರು ಯಾರು ಎಂದು ಕೇಳಿದ್ದೀ. ಅದಕ್ಕೇ ಅವರು ಆ ಮಾತು ಆಡಬಾರದು. ಒಬ್ಬ ವಕೀಲ ಹೋಗಿ "ಈ ಮನುಷ್ಯನನ್ನು ಬಿಡ್ರಿ" ಎಂದರೆ ಅದು ವಿನಂತಿ. ಲಕ್ಷಗಟ್ಟಲೆ ಬಂದೂಕು ಕೈಯಲ್ಲಿ ಇರುವವರು ಅದೇ ಮಾತನ್ನು ಎಷ್ಟು ಮೆತ್ತಗೆ ಅಂದರೂ ಅದು ವಿನಂತಿಯಾಗಿ ಉಳಿಯುವುದಿಲ್ಲ. ಇವತ್ತು ಜೈಲಿನ ಬಾಗಿಲು ತೆಗೆಯಿರಿ ಎಂದ ಬಾಯಿ ನಾಳೆ ಹಾಕಿರಿ ಅನ್ನುತ್ತದೆ. ಸುತ್ತಲಿನ ದೇಶಗಳನ್ನು ನೋಡು. ಅಲ್ಲಿನ ಜನರಲ್‌ಗಳೂ ಮೊದಲು ಒಳ್ಳೇ ಕೆಲಸಕ್ಕೆಂದೇ ಗಾಡಿ ಇಳಿದರು. ಇಳಿದವರು ತಿರುಗಿ ಗಾಡಿ ಹತ್ತಲಿಲ್ಲ, ಅಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು.

ನಾನೂ ಹಾಗೆಯೇ. ಇವತ್ತು ನಿನ್ನ ಕಾಗದ ಕೊಟ್ಟರೆ ನಾಳೆ ಗ್ಯಾರೇಜಿನವರೆಲ್ಲ ಒಂದೊಂದು ಕಾಗದ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಆಮೇಲೆ ನಾನು ಡ್ರೈವರ್ ಅಲ್ಲ, ದಲ್ಲಾಳಿ.

ಆ ತಾಯಿಯ ಸಂಕಟ ನನಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡ. ತಿಳಿದೂ ಇಲ್ಲ ಅನ್ನುತ್ತಿದ್ದೇನೆ. ನಾನು ಸರಿಯಾಗಿಯೇ ಮಾಡುತ್ತಿದ್ದೇನೆ.

ಅಬ್ಬಾ


ವಡಗಾವಿ
26 ಫೆಬ್ರವರಿ 1976

ಹವಾಲ್ದಾರ್ ಮೌಲಾಸಾಬರಿಗೆ,

ಕೃಷ್ಣಾಬಾಯಿ ಶನಿವಾರ ಮಧ್ಯಾಹ್ನ ತೀರಿಕೊಂಡರು. ನಾನು ಹತ್ತಿರ ಇದ್ದೆ. ಕೊನೆಗೆ ಕೇಳಿದ ಮಾತು, "ಸುಟ್ಟಿ ಆತೇನ?"

"ಆತ್ರಿ ಆಯಿ, ಬಸ್ಸ ಹತ್ಯಾನ," ಎಂದೆ. ನಕ್ಕರು. ಬಾಗಿಲ ಕಡೆ ನೋಡುತ್ತಲೇ ಹೋದರು.

ಮಾಸ್ತರರನ್ನು ಮೂರನೆಯ ದಿನ ಪೊಲೀಸರ ಜೊತೆ ಕರೆತಂದು ಬೂದಿ ತೋರಿಸಿ ತಿರುಗಿ ಕರೆದೊಯ್ದರು.

ನೀವು ಸರಿಯಾಗಿಯೇ ಮಾಡಿದಿರಿ. ನಿಮ್ಮ ಸಾಹೇಬರೂ ಸರಿಯಾಗಿಯೇ ಇದ್ದಾರೆ. ಸರಿ ಇದ್ದವರಿಗೆಲ್ಲ ನನ್ನ ಸಲಾಮು. ಇನ್ನು ನಾನು ಬರೆಯುವುದಿಲ್ಲ. ಅಮ್ಮನ ಸುದ್ದಿ ಬೇಕಾದರೆ ನಾಗಲಿಂಗ ಕಾಕಾನಿಗೆ ಕೇಳಿ.

ಫಕ್ರುನ್ನಿಸಾ ಮೌಲಾಸಾಬ


ದಿಲ್ಲಿ
24 ಸಪ್ಟೆಂಬರ್ 1976

ಬೇಟಾ,

ಈದ್ ಮುಬಾರಕ್. ಮೇ ತಿಂಗಳಲ್ಲಿ ರಜೆಗೆ ಬಂದಾಗ ಹದಿನೈದು ದಿನ ನನಗೆ ಊಟ ಬಡಿಸಿದಿ, ಒಂದು ಮಾತು ಆಡಲಿಲ್ಲ. ಸಾರಿಗೆ ಉಪ್ಪು ಮಾತ್ರ ಸರಿಯಾಗಿ ಹಾಕಿದಿ. ಸಿಟ್ಟಿನಲ್ಲೂ ಕೈ ತಪ್ಪದವಳು ನನ್ನ ಮಗಳೇ.

ಉತ್ತರ ಬರೆಯದಿದ್ದರೆ ಬೇಡ. ನಾನು ಬರೆಯುತ್ತೇನೆ.

ಅಬ್ಬಾ


ದಿಲ್ಲಿ
2 ಏಪ್ರಿಲ್ 1977

ಫಕ್ರೂ,

ಚುನಾವಣೆಯ ಫಲಿತಾಂಶ ಬಂದ ಬೆಳಿಗ್ಗೆಯ ಸಂಗತಿಯನ್ನು ಬರೆಯುತ್ತೇನೆ. ಪೇಪರಿನಲ್ಲಿ ಇದು ಬರುವುದಿಲ್ಲ, ಯಾಕೆಂದರೆ ಇದರಲ್ಲಿ ಏನೂ ಆಗಿಲ್ಲ.

ರಸ್ತೆಯಲ್ಲಿ ಜನ ಕುಣಿಯುತ್ತಿದ್ದರು. ನಿನ್ನೆಯವರೆಗೆ ಯಾರ ಹೆಸರಿಗೆ ಇಡೀ ದಿಲ್ಲಿ ನಡುಗುತ್ತಿತ್ತೋ ಅವರೇ ಸೋತಿದ್ದರು. "ಈಗ ದೊಡ್ಡ ಸಾಹೇಬರು ಏನ್ ಮಾಡ್ತಾರ?" ಎಂದು ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಸಾಹೇಬರು ಎಂದಿನಂತೆ ಎಂಟೂವರೆಗೆ ಬಂದು ಕುಳಿತರು. ನಾನು ಗಲೀಫ ತೆಗೆದು, ಮಡಚಿ, ನನ್ನ ಸೀಟಿನ ಕೆಳಗೆ ಇಟ್ಟೆ. "ಯಾವ ಕಡೆ, ಸರ್?" ಎಂದು ಕೇಳಿದೆ. ಎರಡು ವರ್ಷದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಯಾಕೆ ಮೌಲಾ, ದಾರಿ ಬದಲಾಗಿದೆಯೇ?"

"ಇಲ್ಲ, ಸರ್."

"ಹಾಗಾದರೆ ಆಫೀಸಿಗೆ ನಡೆ."

ಸರಕಾರ ಬದಲಾದ ದಿನ ದೇಶದ ಸೈನ್ಯ ಮಾಡಿದ ಕೆಲಸ ಇಷ್ಟು. ಎಂದಿನ ಎರಡೂವರೆ ಮೈಲು, ಎಂದಿನ ವೇಗ. ಕೆಲವು ದಿನದ ಮೇಲೆ ಹೊಸಬರ ಮನೆಗೆ ಹೋಗಿ ಸಲಾಮು ಹೊಡೆದು ಬಂದರು. ಹಳಬರಿಗೆ ಹೊಡೆದಷ್ಟೇ ನೆಟ್ಟಗೆ.

ಮಾಸ್ತರರು ಹೊರಗೆ ಬಂದರೆಂದು ನಾಗಲಿಂಗ ಬರೆಸಿದ್ದಾನೆ. ಅವರನ್ನು ಹೊರಗೆ ತಂದದ್ದು ಬಂದೂಕಲ್ಲ ಬೇಟಾ, ನಿನ್ನ ಅಮ್ಮನಂಥವರ ಬೆರಳಿನ ಶಾಯಿ. ಅದು ನನಗೆ ಬಹಳ ಖುಷಿ.

ಅಬ್ಬಾ


ವಡಗಾವಿ
20 ಏಪ್ರಿಲ್ 1977

ಅಬ್ಬಾ,

ಬರೆಯುವುದಿಲ್ಲ ಎಂದಿದ್ದೆ. ಅಮ್ಮ ತಲೆ ತಿನ್ನುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಗಾಳಿ ಬಂದಾಗ ತೂರಿಕೊಳ್ಳುವುದು ನಮ್ಮ ಕಡೆಯ ರೈತರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಜನರಲ್‌ಗಳಿಗೂ ಗೊತ್ತಿದೆ ಅಂತಾಯಿತು. ಹಳಬರಿಗೂ ಅದೇ ಸಲಾಮು, ಹೊಸಬರಿಗೂ ಅದೇ ಸಲಾಮು. ಇದನ್ನು ನೀವು ದೊಡ್ಡಸ್ತನ ಅನ್ನುತ್ತೀರಿ.

ಮಾಸ್ತರರಿಗೆ ಖಾನಾಪುರದಲ್ಲಿ ಹಾರದ ಮೇಲೆ ಹಾರ. ದಿಲ್ಲಿಯಲ್ಲಿ ಗೆದ್ದ ಪಕ್ಷಕ್ಕೆ ಈಗ ಜಿಲ್ಲೆಯಲ್ಲಿ ಅವರೇ ಮುಖಂಡರು. ನನ್ನನ್ನು ಒಬ್ಬಳನ್ನೇ ಬದಿಗೆ ಕರೆದು, "ನಮ್ಮವ್ವ ಹೋಗೂ ಮುಂದ ಏನರ ಅಂದಳೇನ ಫಕ್ರೂ?" ಎಂದು ಕೇಳಿದರು. ನನಗೆ ಹೇಳಲು ಆಗಲಿಲ್ಲ. ಅರ್ಜಿಯ ವಿಷಯವನ್ನೂ ಹೇಳಿಲ್ಲ. ನನ್ನ ತಂದೆ ಅದನ್ನು ಏನು ಮಾಡಿದರು ಎಂದು ಕೇಳಿದರೆ ಯಾವ ಮುಖದಿಂದ ಉತ್ತರ ಕೊಡಲಿ?

ನನಗೆ ಗುಂಜಿಯ ಸಾಲಿಯಲ್ಲಿ ನೌಕರಿ ಆಗಿದೆ. ಜೂನಿನಿಂದ ಅಲ್ಲೇ ಇರುತ್ತೇನೆ. ಸ್ಟೇಷನ್ನಿನ ಬಾಜೂಕೇ ಖೋಲಿ. ಹಿಂದೆ ಅಡವಿ.

ಫಕ್ರುನ್ನಿಸಾ


ದಿಲ್ಲಿ
9 ನವೆಂಬರ್ 1978

ಗುಂಜಿಯ ಮಾಸ್ತರಬಾಯಿಗೆ,

ನೀನು ತೂರಿಕೊಳ್ಳುವ ಮಾತು ಬರೆದು ಒಂದೂವರೆ ವರ್ಷವಾಯಿತು. ಆಮೇಲೆ ನಮ್ಮಿಬ್ಬರ ಕಾಗದದಲ್ಲಿ ಮಳೆ, ಬೆಳೆ, ಅಮ್ಮನ ಮೊಳಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ಇವತ್ತು ಉತ್ತರ ಕೊಡುತ್ತೇನೆ.

ನಮ್ಮ ಸಾಹೇಬರು ನಿವೃತ್ತರಾದರು. ಬೆಳಿಗ್ಗೆ ನಾಲ್ಕು ನಕ್ಷತ್ರ ತೆರೆದುಕೊಂಡೇ ಆಫೀಸಿಗೆ ಕರೆದೊಯ್ದೆ. ಒಳಗೆ ಹೊಸ ಸಾಹೇಬರಿಗೆ ಅಧಿಕಾರ ಒಪ್ಪಿಸಿ, ಕೈಕುಲುಕಿ ಹೊರಗೆ ಬಂದರು. ನಾನು ಅಭ್ಯಾಸಬಲದಿಂದ ಗಲೀಫ ತೆಗೆದು ಬಾಗಿಲು ಹಿಡಿದು ನಿಂತಿದ್ದೆ. ಅವರು ಹತ್ತಲಿಲ್ಲ. "ಮೌಲಾ, ಗಲೀಫ," ಎಂದು ಕೈ ಚಾಚಿದರು. ತಾವೇ ಬಗ್ಗಿ ಪ್ಲೇಟಿಗೆ ಹಾಕಿದರು. ಆಮೇಲೆ ಹಿಂದಿನ ಸೀಟಿನಲ್ಲಿ ಕುಳಿತು, "ಈಗ ನಡೆ. ಇನ್ನು ನಾನು ಬರೀ ಸವಾರಿ," ಎಂದು ನಕ್ಕರು.

ಬಾಗಿಲಲ್ಲಿ ನಿಂತ ಸಂತ್ರಿಗೆ ಸಲಾಮು ಹೊಡೆಯಬೇಕೋ ಬೇಡವೋ ತಿಳಿಯಲಿಲ್ಲ. ನಾನು ಕಣ್ಣು ಒರೆಸಿಕೊಂಡೇ ಗಾಡಿ ಓಡಿಸಿದೆ, ಸುಳ್ಳು ಯಾಕೆ ಹೇಳಲಿ.

ತೂರಿಕೊಳ್ಳುವವರು ಕಾಳನ್ನು ಮನೆಗೆ ಒಯ್ಯುತ್ತಾರೆ ಬೇಟಾ. ನಮ್ಮ ಸಾಹೇಬರು ಒಂದು ನಕ್ಷತ್ರವನ್ನೂ ಒಯ್ಯಲಿಲ್ಲ.

ಅಬ್ಬಾ


ಗುಂಜಿ
17 ಡಿಸೆಂಬರ್ 1978

ಅಬ್ಬಾ,

ನಿನ್ನೆ ಮಾರ್ತಾಂಡ ಮಾಸ್ತರರು ಜೀಪಿನಲ್ಲಿ ನನ್ನ ಸಾಲಿಗೆ ಬಂದಿದ್ದರು. ಮಕ್ಕಳಿಗೆ ಪೇಪರಮಿಂಟು ಹಂಚಿದರು, ನನ್ನ ಪಾಠ ಕೇಳಿ ಭೇಷ್ ಅಂದರು. ಆಮೇಲೆ ಒಂದು ಲಕೋಟೆ ತೆಗೆದರು. ಬೆಳಗಾವಿಯ ಕ್ಯಾಂಪಿನಲ್ಲಿ ಪಕ್ಷದ ಸಭೆಗೆ ಸೈನ್ಯದ ಮೈದಾನ ಕೇಳಿದ್ದರಂತೆ. ಅಲ್ಲಿನ ಒಬ್ಬ ಅಧಿಕಾರಿ ಕೊಡಲಿಲ್ಲ. ಅವರನ್ನು ಬೇರೆ ಕಡೆಗೆ ಹಾಕಿಸಬೇಕು ಎಂದು ನಿಮ್ಮ ಹೊಸ ಸಾಹೇಬರಿಗೆ ಬರೆದ ಕಾಗದ ಅದು.

"ದಿಲ್ಲ್ಯಾಗ ಈಗ ನಮ್ಮದ ಸರಕಾರ ಐತಿ, ಫಕ್ರೂ. ನಿಮ್ಮಪ್ಪ ಗಾಡ್ಯಾಗ ಹಿಂದ ತಿರಿಗಿ ಇಷ್ಟ ಕೊಟ್ರ ಸಾಕು. ಹೇಳೂದೂ ಬ್ಯಾಡ."

ಹಿಂದೆ ತಿರುಗಿ ಕೊಟ್ಟರೆ ಸಾಕು. ಅದು ನನ್ನದೇ ಮಾತು ಅಬ್ಬಾ. ನಾನೇ ನಿಮಗೆ ಬರೆದದ್ದು. ಲಕೋಟೆಗೆ ನಾನು ಕೈ ಚಾಚಲಿಲ್ಲ.

"ಆಗೂದಿಲ್ರಿ ಸರ್," ಎಂದೆ. "ನಮ್ಮಪ್ಪ ಹಂಗ ಕೊಡೂ ಪೈಕಿ ಅಲ್ಲ."

"ಕೇಳಿ ನೋಡೀಯೇನ?"

"ಕೇಳೀನ್ರಿ. ಒಂದ ಸಲ ಕೇಳೀನಿ."

ಅವರು ಕೆಟ್ಟವರಲ್ಲ. ಲಕೋಟೆಯನ್ನು ಮೇಜಿನ ಮೇಲೆ ಬಿಟ್ಟು, "ವಿಚಾರ ಮಾಡ," ಎಂದು ಹೋದರು. ಅದು ನನ್ನ ಟ್ರಂಕಿನಲ್ಲೇ ಇರುತ್ತದೆ, ನಿಮಗೆ ಬರುವುದಿಲ್ಲ.

ಆಯಿ ಕೇಳಿದ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ, ಅದು ಹೋಗುವುದಿಲ್ಲ. ಆದರೆ ಅವತ್ತು ನೀವು ಹೂಂ ಅಂದಿದ್ದರೆ ನಿನ್ನೆ ನನಗೆ ಊಹೂಂ ಅನ್ನಲು ಬರುತ್ತಿರಲಿಲ್ಲ.

ನಿಮ್ಮ ಮಗಳು
ಫಕ್ರೂ


ದಿಲ್ಲಿ
21 ಜನವರಿ 1980

ಫಕ್ರೂ ಬೇಟಾ,

ಸೋತು ಹೋದವರೇ ತಿರುಗಿ ಬಂದರು, ಪೇಪರಿನಲ್ಲಿ ಓದಿರುತ್ತೀ. ಐದು ವರ್ಷದಲ್ಲಿ ಕುರ್ಚಿಯ ಮೇಲಿನವರು ಎಷ್ಟು ಸಲ ಬದಲಾದರೋ. ಹೊಸ ಸಾಹೇಬರೂ ಆ ಬೆಳಿಗ್ಗೆ ಎಂಟೂವರೆಗೇ ಬಂದರು. ಈ ಸಲ ಯಾವ ಕಡೆ ಎಂದು ನಾನು ಕೇಳಲಿಲ್ಲ. ದಾರಿ ನನಗೆ ಗೊತ್ತಿತ್ತು.

ಈ ತಿಂಗಳು ಮೂವತ್ತೊಂದಕ್ಕೆ ನನ್ನ ನೌಕರಿ ಮುಗಿಯುತ್ತದೆ. ಬೆಳಗಾವಿಯ ಆಟೋ ನಗರದಲ್ಲಿ ನಮ್ಮ ಓಣಿಯ ಹುಡುಗ ಸಮದನ ಗ್ಯಾರೇಜಿದೆ. "ಬರ್ರಿ ಚಾಚಾ, ಕುಂತ ಹೇಳ್ರಿ, ನಾವ ಮಾಡ್ತೀವಿ," ಎಂದು ಬರೆದಿದ್ದಾನೆ. ನಾನು ಕುಂತು ಹೇಳುವವನಲ್ಲ, ಅವನಿಗೇ ಗೊತ್ತಾಗುತ್ತದೆ.

ಈ ಪಾರ್ಸಲ್ಲಿನಲ್ಲಿ ನಿನ್ನ ಗಲೀಫ ಇದೆ. ನಾನು ಬರುವ ಮುಂಚೆ ಇದು ನಿನಗೆ ತಲುಪಬೇಕು. ಎದುರಿಗೆ ಕೊಡುವ ಧೈರ್ಯ ನನಗಿಲ್ಲ. ಬಾಯಿಯ ಹತ್ತಿರ ಅಸ್ತರಿಯ ಹೊಲಿಗೆ ಬಿಚ್ಚು. ಆ ಹೊಲಿಗೆ ನನ್ನದು, ಸೊಟ್ಟಗಿದೆ.

ಒಳಗೆ ಆ ತಾಯಿಯ ಅರ್ಜಿ ಇದೆ. ಕೊಡಲಿಲ್ಲ, ಹರಿಯಲೂ ಆಗಲಿಲ್ಲ. ಅವತ್ತೇ ಅಸ್ತರಿಯೊಳಗೆ ಇಟ್ಟು ಹೊಲಿದೆ. ಆ ದಿನಗಳಲ್ಲಿ ಯಾರಾದರೂ ಕಂಡಿದ್ದರೆ ನನ್ನ ಪಟ್ಟಿ ಕಿತ್ತು ಒಳಗೆ ಹಾಕುತ್ತಿದ್ದರು. ಸಾಹೇಬರು ಕುಳಿತಾಗ ನನ್ನ ಸೀಟಿನ ಕೆಳಗೆ, ಇಳಿದಾಗ ಅವರ ನಕ್ಷತ್ರದ ಮೇಲೆ. ನಾಲ್ಕು ವರ್ಷ ಆ ಹೆಬ್ಬಟ್ಟನ್ನು ದಿನಾ ನನ್ನ ಕೈಯಾರೆ ಮುಟ್ಟಿದ್ದೇನೆ.

ಹಳೇ ಸಾಹೇಬರು ಕೊನೆಯ ದಿನ ತಾವೇ ಗಲೀಫ ಹಾಕಿದರು ಎಂದು ಬರೆದಿದ್ದೆನಲ್ಲ. ಒಂದು ಮಾತು ಬಿಟ್ಟಿದ್ದೆ. ಅವರ ಬೆರಳಿಗೆ ಕಾಗದ ಸಿಕ್ಕಿತು. "ಇದರಲ್ಲಿ ಏನಿದೆ?" ಎಂದರು. "ಊರಿನ ಒಬ್ಬ ತಾಯಿ ನಿಮಗೆ ಕೊಟ್ಟ ಅರ್ಜಿ, ಸರ್. ನಾನು ಕೊಡಲಿಲ್ಲ." ಗಲೀಫದ ಬಾಯಿಯನ್ನು ಎಳೆದು ಸರಿಮಾಡಿದರು. "ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ, ಮೌಲಾ," ಎಂದರು. "ಆದರೆ ನಿದ್ದೆ ಹೋಗುತ್ತಿತ್ತು. ನನ್ನ ಪಾಲಿನದನ್ನೂ ನೀನೇ ಹೊತ್ತೆ."

ನಾನು ಮಾಡಿದ್ದು ಸರಿ. ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಸರಿ ಮಾಡಿದರೆ ಭಾರ ಇರುವುದಿಲ್ಲ ಎಂದು ನಿನಗೆ ಯಾರಾದರೂ ಹೇಳಿದರೆ ನಂಬಬೇಡ.

ಅಬ್ಬಾ


ಗುಂಜಿ
2 ಫೆಬ್ರವರಿ 1980

ಅಬ್ಬಾ,

ಹೊಲಿಗೆ ಬಿಚ್ಚಿದೆ. ನಿಜಕ್ಕೂ ಸೊಟ್ಟಗಿತ್ತು. ಅತ್ತರಿನ ವಾಸನೆ ಇನ್ನೂ ಹೋಗಿಲ್ಲ, ಅಮ್ಮನಿಗೆ ಹೇಳಿದರೆ ಹಿಗ್ಗುತ್ತಾಳೆ.

ಅರ್ಜಿಯನ್ನೂ ಟ್ರಂಕಿನಲ್ಲಿದ್ದ ಲಕೋಟೆಯನ್ನೂ ತೆಗೆದುಕೊಂಡು ನಿನ್ನೆ ಖಾನಾಪುರಕ್ಕೆ ಹೋದೆ. ಮಾಸ್ತರರು ಈಗ ಬರೀ ಮಾಸ್ತರರು. ಜೀಪಿಲ್ಲ, ಹಾರವಿಲ್ಲ, ಕಟ್ಟೆಯ ಮೇಲೆ ಕುಳಿತು ಕಡಲೆ ಸುಲಿಯುತ್ತಿದ್ದರು. ಎರಡೂ ಕಾಗದ ಅವರ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಹೆಡಮಾಸ್ತರರಿಗೆ ಅಂತ ಆಯಿ ಹೆಬ್ಬಟ್ಟು ಒತ್ತಿದ್ದು, ನಾನು ಕಳಿಸಿದ್ದು, ನೀವು ಕೊಡದೆ ಹೊಲಿದು ಇಟ್ಟದ್ದು, ಆಯಿ ಕೊನೆಗೆ ಕೇಳಿದ್ದು, ನಾನು ಹೇಳಿದ ಸುಳ್ಳು. ಬೈಯುತ್ತಾರೆ ಎಂದುಕೊಂಡಿದ್ದೆ.

ತಮ್ಮ ಲಕೋಟೆಯನ್ನು ಓದದೆಯೇ ಹರಿದರು. ಆಯಿಯ ಹೆಬ್ಬಟ್ಟಿನ ಮೇಲೆ ತಮ್ಮ ಹೆಬ್ಬಟ್ಟು ಇಟ್ಟರು. ಆಮೇಲೆ ಕೇಳಿದರು, "ನಿಮ್ಮಪ್ಪ ಎಂದ ಬರ್ತಾರ?"

"ಬುಧವಾರ್ರಿ ಸರ್."

"ಸ್ಟೇಶನ್ನಿಗೆ ನಾನೂ ಬರ್ತೀನಿ. ನಮ್ಮವ್ವನ್ನ ನಾಕ ವರ್ಷ ಜ್ವಾಕಿ ಮಾಡ್ಯಾರ."

ಆದ್ದರಿಂದ ಬೆಳಗಾವಿ ಸ್ಟೇಷನ್ನಿನಲ್ಲಿ ಬುಧವಾರ ನಾವಿಬ್ಬರೂ ಇರುತ್ತೇವೆ. ಅಮ್ಮನೂ ಇರುತ್ತಾಳೆ, ಹೊಸ ಗೊಂಡೆ ಹಿಡಿದುಕೊಂಡು. ನೀವು ಕತ್ತರಿಸಿದ್ದು ಅವಳಿಗೆ ಗೊತ್ತಾಗಿದೆ.

ಈ ಕಾಗದ ನಿಮಗೆ ದಿಲ್ಲಿಯಲ್ಲಿ ಸಿಗಲಿಕ್ಕಿಲ್ಲ, ಅದಕ್ಕೇ ವಡಗಾವಿಯ ಮನೆಗೆ ಹಾಕುತ್ತಿದ್ದೇನೆ. ಬುಧವಾರ ದಾಟಿದ ಮೇಲೆಯೇ ಓದುತ್ತೀರಿ, ಆದರೂ ಬರೆದೆ. ಎದುರಿಗೆ ಹೇಳುವ ಧೈರ್ಯ ನನಗೂ ಇಲ್ಲ.

ಸುಟ್ಟಿ ಆತು, ಅಬ್ಬಾ. ಮನಿಗೆ ಬರ್ರಿ.

ನಿಮ್ಮ
ಫಕ್ರೂ